ರಾಜ್ಯಶಾಸ್ತ್ರ ಓದಿದರೆ ಏನು ಸಿಗುತ್ತದೆ?

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುದಿನ ನಮ್ಮ ಮನೆಯ ಜಗಲಿಗೆ ಜನ ಬರುತ್ತಾರೆ. ತಂದೆ, ತಾಯಿ, ಮಗ ಅಥವಾ ಮಗಳು. ಕೆಲವೊಮ್ಮೆ ಜೊತೆಯಲ್ಲಿ ಅಜ್ಜನೂ ಇರುವುದುಂಟು. ಪ್ರಶ್ನೆ ಒಂದೇ: ಪ್ಲಸ್ ವನ್‌ಗೆ ಯಾವುದು ತೆಗೆಯುವುದು? ಅಂಕ ಹೆಚ್ಚಿದ್ದರೆ ವಿಜ್ಞಾನ, ಸ್ವಲ್ಪ ಕಡಿಮೆಯಾದರೆ ವಾಣಿಜ್ಯ, ಎರಡೂ ಸಿಗದಿದ್ದರೆ ಹ್ಯುಮಾನಿಟೀಸ್ ಎಂಬ ಲೆಕ್ಕಾಚಾರವನ್ನು ಅವರು ಮನೆಯಲ್ಲೇ ಮುಗಿಸಿಕೊಂಡು ಬಂದಿರುತ್ತಾರೆ. ನಮ್ಮಿಂದ ಬೇಕಾದುದು ‘ಹೂಂ’ ಎಂಬ ಒಂದು ಒಪ್ಪಿಗೆ ಮಾತ್ರ.

ಕಳೆದ ವರ್ಷ ಬಂದ ಒಬ್ಬ ಹುಡುಗನ ಸಂಗತಿ ಬೇರೆ. ಸಮಾಜ ವಿಜ್ಞಾನದಲ್ಲಿ ಅವನಿಗೆ ಮೊದಲಿನಿಂದಲೂ ಆಸಕ್ತಿ. ಪಂಚಾಯತು ಚುನಾವಣೆ ಬಂದರೆ ವಾರ್ಡುಗಳ ಲೆಕ್ಕ ಬರೆದಿಡುವ ಹುಡುಗ. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇರುವ ವಿಭಾಗವೇ ಬೇಕೆಂದು ಅವನು ಹೇಳಿದ. ಅಡಿಕೆ ತೋಟದ ಕೆಲಸ ಬಿಟ್ಟು ಬಂದಿದ್ದ ತಂದೆ ನಮ್ಮ ಮುಖ ನೋಡಿ ಕೇಳಿದರು: “ಮಾಷ್ಟ್ರೇ, ರಾಜಕೀಯ ಕಲ್ತು ಇವ ಎಂ.ಎಲ್.ಎ. ಆಗ್ಲಿಕ್ಕುಂಟಾ? ಕಲ್ತರೆ ಎಂತ ಸಿಗ್ತದೆ ಹೇಳಿ.”

ಜಗಲಿಯಲ್ಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು. ನಗುವುದಕ್ಕೆ ಕಾರಣ ಬೇರೇನೂ ಇರಲಿಲ್ಲ. ನಮ್ಮಲ್ಲಿ ಉತ್ತರ ಇರಲಿಲ್ಲ, ಅಷ್ಟೇ. ಹುಡುಗ ಅಕ್ಷಯ ಕೇಂದ್ರಕ್ಕೆ ಹೋಗಿ ವಾಣಿಜ್ಯಕ್ಕೆ ಅರ್ಜಿ ಹಾಕಿದ. ಉತ್ತರ ನಮಗೆ ಸಿಕ್ಕಿದ್ದು ಆಮೇಲೆ, ದಸರೆಯ ರಜೆಯಲ್ಲಿ, ನಮ್ಮ ಜಿಲ್ಲೆಯಿಂದ ಬಹಳ ದೂರದ ಕೊಯಮತ್ತೂರಿನಲ್ಲಿ. ಅದನ್ನು ಓದುಗರ ಮುಂದಿಡುವುದಕ್ಕಾಗಿ ಈ ಬರಹ.

ಬಾಯಲ್ಲಿ ಉಂಟು, ಕೈಯಲ್ಲಿ ಇಲ್ಲ

ಮಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ರೈಲು ನಮ್ಮವರಿಗೆ ಹೊಸತಲ್ಲ. ಆಸ್ಪತ್ರೆಗೆ ಹೋಗುವವರು, ಬಟ್ಟೆ ವ್ಯಾಪಾರಕ್ಕೆ ತಿರುಪ್ಪೂರಿನ ಬನಿಯನ್ ತರುವವರು, ಅಲ್ಲಿಂದ ಮುಂದೆ ಪಳನಿಗೆ ಹೋಗುವ ಭಕ್ತರು ಎಲ್ಲರೂ ಆ ದಾರಿಯನ್ನು ಬಲ್ಲರು. ಆದರೆ ಆ ಊರಿನಲ್ಲಿ ಮನೆಮಾತು ಕನ್ನಡವಾಗಿರುವ ಸಾವಿರಾರು ಕುಟುಂಬಗಳಿವೆ ಎಂಬುದನ್ನು ಗಮನಿಸಿದವರು ಕಡಿಮೆ.

ವಿಜಯದಶಮಿಯ ದಿನ ಕೊಯಮತ್ತೂರಿನ ರಾಜವೀದಿಯ ಸೌಡೇಶ್ವರಿ ಗುಡಿಗೆ ದೇವಾಂಗದವರ ಮೆರವಣಿಗೆ ಬರುತ್ತದೆ. ಕತ್ತಿಯಿಂದ ಮೈ ಗೀರಿಕೊಂಡು ತಾಯಿಯನ್ನು ಕರೆಯುತ್ತಾ ಕುಣಿಯುವ ಸೇವೆ ಅದು. ಆ ಜನಸಂದಣಿಯ ನಡುವೆ ನಿಂತಿದ್ದಾಗ ಪಕ್ಕದಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ಕೂಗಿ ಕರೆದ ಮಾತು ಕಿವಿಗೆ ಬಿತ್ತು. ರಾಗ ತಮಿಳಿನದು, ಮಾತು ಕನ್ನಡದ್ದು. ತಿರುಗಿ ಮಾತನಾಡಿಸಿದೆವು. ಅವರ ಮನೆಯವರೂ ಬಂದರು, ಎಪ್ಪತ್ತು ದಾಟಿದ ಹಿರಿಯರು. ನಾವು ಅಧ್ಯಾಪಕರೆಂದು ತಿಳಿದ ಮೇಲೆ ‘ವಾದ್ಯಾರೇ’ ಎಂದು ಕರೆದು ಮನೆಗೆ ಕರೆದೊಯ್ದರು.

ದೇವಾಂಗರಲ್ಲಿ ಕನ್ನಡ ಆಡುವವರೂ ಇದ್ದಾರೆ, ತೆಲುಗು ಆಡುವವರೂ ಇದ್ದಾರೆ. ಮಗ್ಗವನ್ನು ನಂಬಿ ಶತಮಾನಗಳ ಹಿಂದೆ ತೆಂಕಣಕ್ಕೆ ಇಳಿದವರು. ಇವರಲ್ಲದೆ, ಬೇಸಾಯವನ್ನು ನಂಬಿ ಬಂದ ಒಕ್ಕಲಿಗರೂ ಈ ಸೀಮೆಯಲ್ಲಿದ್ದಾರೆ. ಅವರ ಮನೆಯಲ್ಲೂ ಹಳೆಯ ಕನ್ನಡದ ಮಾತುಗಳು ಉಳಿದಿವೆ. ಆದರೆ ಇವರಲ್ಲಿ ಹೆಚ್ಚಿನವರಿಗೆ ಕನ್ನಡದ ಅಕ್ಷರ ಬಾರದು. ಮದುವೆಯ ಕಾಗದ ತಮಿಳಿನಲ್ಲಿ, ಮನೆಯ ಪತ್ರ ತಮಿಳಿನಲ್ಲಿ, ಅಂಗಡಿಯ ಲೆಕ್ಕ ತಮಿಳಿನಲ್ಲಿ. ಆ ಹಿರಿಯರು ಹೇಳಿದ ಮಾತನ್ನು ನಾವು ಅಂದೇ ಬರೆದುಕೊಂಡೆವು: “ಕನ್ನಡ ಬಾಯಲ್ಲಿ ಉಂಟು ವಾದ್ಯಾರೇ, ಕೈಯಲ್ಲಿ ಇಲ್ಲ.”

ಅವರ ಮೊಮ್ಮಗ ಪ್ಲಸ್ ಟೂ ಓದುತ್ತಿದ್ದ. ಏನು ಓದುತ್ತಿದ್ದಾನೆ ಎಂದು ಕೇಳಿದೆವು. ಲೆಕ್ಕಶಾಸ್ತ್ರ, ವಾಣಿಜ್ಯ, ಕಂಪ್ಯೂಟರ್. ರಾಜ್ಯಶಾಸ್ತ್ರ ಓದುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಅವನು ನಕ್ಕ. ನಮ್ಮ ಜಗಲಿಯಲ್ಲಿ ಕೇಳಿದ ನಗೆಯೇ ಅದು.

ಆ ನಗೆಗೆ ಕಾರಣವಿಲ್ಲದಿಲ್ಲ. ಕೊಯಮತ್ತೂರಿನಲ್ಲಿ ೧೮೮೮ರಲ್ಲಿ ಮೊದಲ ನೂಲಿನ ಗಿರಣಿ ಬಂತು. ೧೯೩೦ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ತು ಇಳಿದು ಬಂದ ಮೇಲೆ ಗಿರಣಿಗಳು ಸಾಲು ಸಾಲಾಗಿ ಎದ್ದವು. ಪಂಪುಸೆಟ್ಟಿನ ಕಾರ್ಖಾನೆಗಳು ಬಂದವು. ತಿರುಪ್ಪೂರು ಹೆಣೆದ ಬಟ್ಟೆಯನ್ನು ಹೊರದೇಶಗಳಿಗೆ ಕಳಿಸುವ ಊರಾಯಿತು. ೨೦೦೯ರಲ್ಲಿ ಅದೇ ಒಂದು ಜಿಲ್ಲೆಯ ತಲೆಪಟ್ಟಣವೂ ಆಯಿತು. ಬನಿಯನ್ ಕಂಪೆನಿಯಲ್ಲಿ ಲೆಕ್ಕ ಬರೆಯುವವನಿಗೆ ಸಂಬಳವುಂಟು. ಸಾರ್ವಭೌಮತ್ವ ಎಂದರೇನು ಎಂದು ತಿಳಿದವನಿಗೆ ಅಲ್ಲಿ ಯಾವ ಮೇಜೂ ಕಾದಿಲ್ಲ. ಮನೆಯಲ್ಲಿ ಮಗ್ಗ ನಿಂತುಹೋದ ಕುಟುಂಬ ಮಗನಿಗೆ ಲೆಕ್ಕಶಾಸ್ತ್ರ ಓದಿಸಿದರೆ ಅದನ್ನು ತಪ್ಪೆನ್ನಲಾಗದು.

ಕೇಳಬಹುದೆಂದು ಗೊತ್ತಿರಲಿಲ್ಲ

ಊಟವಾದ ಮೇಲೆ ಮಾತು ಶಾಲೆಗಳ ಕಡೆ ಹೊರಳಿತು. ನಮ್ಮ ಕಾಸರಗೋಡಿನಲ್ಲಿ ಒಂದನೆಯ ತರಗತಿಯಿಂದ ಹತ್ತರವರೆಗೆ ಕನ್ನಡ ಮಾಧ್ಯಮದ ಶಾಲೆಗಳಿವೆ ಎಂದು ಹೇಳಿದಾಗ ಹಿರಿಯರು ಅಚ್ಚರಿಪಟ್ಟರು. “ಅದು ಕೇರಳ ಸರಕಾರದ ಶಾಲೆಯೇ? ಅವರೇ ಸಂಬಳ ಕೊಡುವರೇ?” ಎಂದು ಎರಡು ಸಲ ಕೇಳಿದರು. ಹೌದೆಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಬೀದಿಯಲ್ಲಿ ಹಿಂದೆ ನೂರಾರು ಮನೆ ನಮ್ಮವೇ. ಮಕ್ಕಳು ಎಷ್ಟಿದ್ದರು! ಕನ್ನಡ ಹೇಳಿಕೊಡಿ ಎಂದು ಯಾರೂ ಕೇಳಲಿಲ್ಲ. ಕೇಳಬಹುದು ಎಂದೇ ನಮಗೆ ಗೊತ್ತಿರಲಿಲ್ಲ” ಎಂದರು.

ಆ ಕೊನೆಯ ಮಾತನ್ನು ಓದುಗರು ಇನ್ನೊಮ್ಮೆ ಓದಬೇಕೆಂದು ನಮ್ಮ ವಿನಂತಿ.

ಕೇಳುವುದಕ್ಕೆ ಅವಕಾಶ ಇತ್ತು. ೧೯೪೯ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ನಿಯಮವನ್ನು ಒಪ್ಪಿತ್ತು: ಒಂದು ಪ್ರಾಥಮಿಕ ಶಾಲೆಯಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳು ೪೦ ಮಂದಿ ಇದ್ದರೆ, ಅಥವಾ ಒಂದು ತರಗತಿಯಲ್ಲಿ ೧೦ ಮಂದಿ ಇದ್ದರೆ, ಅವರಿಗೆ ಮಾತೃಭಾಷೆಯಲ್ಲಿ ಕಲಿಸಲು ಅಧ್ಯಾಪಕರನ್ನು ನೇಮಿಸಬೇಕು. ೧೯೫೬ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ೩೫೦-ಎ ಮತ್ತು ೩೫೦-ಬಿ ವಿಧಿಗಳು ಸೇರಿದವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯವನ್ನು ರಾಜ್ಯಗಳು ಒದಗಿಸಬೇಕೆಂದು ಮೊದಲನೆಯದು ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರಿಗೆಂದೇ ಒಬ್ಬ ಅಧಿಕಾರಿಯನ್ನು ರಾಷ್ಟ್ರಪತಿಗಳು ನೇಮಿಸಬೇಕೆಂದು ಎರಡನೆಯದು ಹೇಳುತ್ತದೆ. ಹೈಸ್ಕೂಲಿನ ಮಟ್ಟಕ್ಕೆ, ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು ೬೦ ಮತ್ತು ತರಗತಿಗೆ ೧೫ ಎಂಬ ಲೆಕ್ಕವನ್ನು ೧೯೬೧ರ ಮುಖ್ಯಮಂತ್ರಿಗಳ ಸಮ್ಮೇಳನ ಒಪ್ಪಿಕೊಂಡಿತು.

ಇವೆಲ್ಲ ಕೇಳಿದವರಿಗೆ ಸಿಗುವ ಹಕ್ಕುಗಳು. ಕೇಳದವರ ಬೀದಿಗೆ ತಾನಾಗಿ ನಡೆದು ಬರುವುದಿಲ್ಲ. ಕಾಸರಗೋಡಿನಲ್ಲಿ ನಮ್ಮ ಹಿರಿಯರು ಕೇಳಿದರು. ಸಭೆ ನಡೆಸಿದರು, ಸತ್ಯಾಗ್ರಹ ಮಾಡಿದರು, ವಿಧಾನಸಭೆಯಲ್ಲಿ ಮಾತನಾಡಿದರು. ಆದುದರಿಂದ ನಮ್ಮ ಶಾಲೆಗಳು ಉಳಿದವು. ಕೊಯಮತ್ತೂರಿನ ಆ ಬೀದಿಯಲ್ಲಿ ಕೇಳುವವರಿರಲಿಲ್ಲ. ಆ ಹಿರಿಯರಲ್ಲಿ ಭಾಷೆಯ ಅಭಿಮಾನಕ್ಕೆ ಕೊರತೆ ಇರಲಿಲ್ಲ. ಯಾವ ಬಾಗಿಲು ತಟ್ಟಬೇಕೆಂಬ ತಿಳಿವಳಿಕೆ ಮಾತ್ರ ಇರಲಿಲ್ಲ. ಆ ತಿಳಿವಳಿಕೆಯನ್ನು ಶಾಲೆಯಲ್ಲಿ ಕ್ರಮವಾಗಿ ಕಲಿಸುವ ಪಾಠ ಒಂದೇ ಒಂದು. ಅದರ ಹೆಸರು ರಾಜ್ಯಶಾಸ್ತ್ರ.

ಒಂದೇ ದಿನ, ಒಂದೇ ಕಾಯಿದೆ

ಕೊಯಮತ್ತೂರಿಗೂ ನಮಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಒಂದು ಕಾಯಿದೆಯಲ್ಲಿದೆ.

ಹಳೆಯ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಈರೋಡು ಅದರೊಳಗಿತ್ತು, ತಿರುಪ್ಪೂರು ಅದರೊಳಗಿತ್ತು; ಬೆಟ್ಟದ ಮೇಲಿನ ಕೊಳ್ಳೇಗಾಲ ತಾಲೂಕೂ ತಾಳವಾಡಿ ಸೀಮೆಯೂ ಅದರೊಳಗೇ ಇದ್ದವು. ವರನಟ ಡಾ. ರಾಜಕುಮಾರ್ ೧೯೨೯ರಲ್ಲಿ ಹುಟ್ಟಿದ ಗಾಜನೂರು ತಾಳವಾಡಿಯ ಸಮೀಪದ್ದು. ಅಂದರೆ ಕನ್ನಡದ ಆ ದೊಡ್ಡ ನಟ ಹುಟ್ಟಿದ್ದು ಅಂದಿನ ಕೊಯಮತ್ತೂರು ಜಿಲ್ಲೆಯಲ್ಲಿ.

೧೯೫೬ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯನ್ನು ತೆರೆದು ನೋಡಿ. ಅದರ ಐದನೆಯ ಕಲಮು ಕೇರಳ ರಾಜ್ಯವನ್ನು ರಚಿಸುತ್ತದೆ; ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಅಲ್ಲಿ ಸೇರುತ್ತದೆ. ಏಳನೆಯ ಕಲಮು ಹೊಸ ಮೈಸೂರು ರಾಜ್ಯವನ್ನು ರಚಿಸುತ್ತದೆ. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಅಲ್ಲಿ ಸೇರುತ್ತದೆ. ಕೊಳ್ಳೇಗಾಲಕ್ಕೆ ಹತ್ತಿರದ ತಾಳವಾಡಿಯ ಹೆಸರು ಯಾವ ಕಲಮಿನಲ್ಲೂ ಇಲ್ಲ; ಆದುದರಿಂದ ಅದು ಮದರಾಸಿನಲ್ಲೇ ಉಳಿಯಿತು. ನವೆಂಬರ ೧ರಂದು ಬೆಳಗಾದಾಗ ಕೊಳ್ಳೇಗಾಲದ ಕನ್ನಡಿಗ ಬಹುಸಂಖ್ಯಾತನಾದ. ತಾಳವಾಡಿಯವನೂ ಕಾಸರಗೋಡಿನವನೂ ತಮ್ಮ ಮನೆಯಿಂದ ಒಂದು ಹೆಜ್ಜೆ ಕದಲದೆ ಅಲ್ಪಸಂಖ್ಯಾತರಾದರು.

ಇಂದು ಈ ಮೂರು ಊರುಗಳ ಮೂರು ಮಕ್ಕಳು ಹತ್ತನೆಯ ತರಗತಿ ಮುಗಿಸಿದರೆನ್ನೋಣ. ಕೊಳ್ಳೇಗಾಲದ ಹುಡುಗಿ ಪಿ.ಯು.ಸಿ.ಗೆ ಸೇರಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳನ್ನು ಕನ್ನಡದಲ್ಲೇ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ತಾಳವಾಡಿಯ ಹುಡುಗನ ಊರು ಈಗ ಈರೋಡು ಜಿಲ್ಲೆಯಲ್ಲಿದೆ. ೧೯೭೯ರಲ್ಲಿ ಕೊಯಮತ್ತೂರಿನಿಂದ ಒಡೆದ ಜಿಲ್ಲೆ ಅದು. ಅವನು ಕನ್ನಡದಲ್ಲಿ ಮುಂದೆ ಓದಬೇಕೆಂದರೆ ಗಡಿ ದಾಟಿ ಚಾಮರಾಜನಗರದ ಕಡೆ ಹೋಗಬೇಕು. ಇಲ್ಲವಾದರೆ ದಿಂಬಂ ಘಾಟಿಯ ೨೭ ತಿರುವು ಇಳಿದು ಸತ್ಯಮಂಗಲದ ಕಡೆಗೆ, ತಮಿಳಿಗೋ ಇಂಗ್ಲಿಷಿಗೋ ಹೋಗಬೇಕು. ನಮ್ಮ ಕಾಸರಗೋಡಿನ ಮಗು ಪ್ಲಸ್ ವನ್ ತರಗತಿಯಲ್ಲಿ ಕುಳಿತು ಇಂಗ್ಲಿಷ್ ಪುಸ್ತಕವನ್ನು ಮಲೆಯಾಳದ ವಿವರಣೆಯಲ್ಲಿ ಕೇಳುತ್ತದೆ. ಹತ್ತರವರೆಗೆ ಕೈಹಿಡಿದು ಬಂದ ರಕ್ಷಣೆಗಳು ಅಲ್ಲಿಗೆ ಕೈಬಿಡುತ್ತವೆ. ೩೫೦-ಎ ವಿಧಿ ಪ್ರಾಥಮಿಕಕ್ಕೆ ನಿಲ್ಲುತ್ತದೆ, ೬೦ ಮತ್ತು ೧೫ರ ಲೆಕ್ಕ ಹೈಸ್ಕೂಲಿಗೆ ನಿಲ್ಲುತ್ತದೆ.

ಈ ಮೂರು ಮಕ್ಕಳ ದಾರಿ ಏಕೆ ಹೀಗೆ ಕವಲೊಡೆಯಿತು ಎಂಬುದು ಭೂಗೋಳದ ಪ್ರಶ್ನೆಯಲ್ಲ, ಹಣೆಬರಹದ ಪ್ರಶ್ನೆಯೂ ಅಲ್ಲ. ಫಜಲ್ ಆಲಿ, ಕುಂಜ್ರು, ಪಣಿಕ್ಕರ್ ಎಂಬ ಮೂವರ ಆಯೋಗ ಬರೆದ ವರದಿ, ಪಾರ್ಲಿಮೆಂಟಿನಲ್ಲಿ ನಡೆದ ಚರ್ಚೆ, ಒಂದು ಮತದಾನ, ಒಂದು ಕಾಯಿದೆ: ಇವುಗಳಿಂದ ಆದದ್ದು ಅದು. ಕೇರಳದ ಹನ್ನೆರಡನೆಯ ತರಗತಿಯಲ್ಲಿ ಬಳಸುವ ಎನ್.ಸಿ.ಇ.ಆರ್.ಟಿ. ರಾಜ್ಯಶಾಸ್ತ್ರ ಪುಸ್ತಕದಲ್ಲಿ ಸ್ವಾತಂತ್ರ್ಯಾನಂತರದ ಭಾರತವನ್ನು ಕುರಿತ ಭಾಗದ ಮೊದಲ ಪಾಠದಲ್ಲೇ ರಾಜ್ಯಗಳ ಪುನರ್ವಿಂಗಡಣೆ ಬರುತ್ತದೆ. ಬೇರೆ ಜಿಲ್ಲೆಯ ಮಗು ಅದನ್ನು ಐದು ಅಂಕದ ಪ್ರಶ್ನೆಯೆಂದು ಓದಬಹುದು. ನಮ್ಮ ಮಗುವಿಗೆ ಅದು ತನ್ನ ಅಜ್ಜನ ಕಥೆ.

ಅರಸು, ರಾಷ್ಟ್ರ, ರಾಜ್ಯ

ಕೊಯಮತ್ತೂರು ಸೀಮೆ ರಾಜಕೀಯಕ್ಕೆ ಹೊರತಾದ ನಾಡಲ್ಲ. ಸ್ವತಂತ್ರ ಭಾರತದ ಮೊದಲ ಬಜೆಟ್ಟನ್ನು ೧೯೪೭ರ ನವೆಂಬರ ೨೬ರಂದು ಮಂಡಿಸಿದ ಆರ್.ಕೆ. ಷಣ್ಮುಖಂ ಚೆಟ್ಟಿ ಕೊಯಮತ್ತೂರಿನವರು. ಸಂವಿಧಾನ ರಚನಾ ಸಭೆಯಲ್ಲಿದ್ದು, ಮುಂದೆ ಆಹಾರ ಮಂತ್ರಿಯಾಗಿ ಹಸುರು ಕ್ರಾಂತಿಗೆ ದಾರಿ ಹಾಕಿದ ಸಿ. ಸುಬ್ರಹ್ಮಣ್ಯಂ ಪೊಳ್ಳಾಚಿಯ ಕಡೆಯವರು. ೧೯೩೨ರ ಜನವರಿಯಲ್ಲಿ ಪೋಲೀಸರ ಏಟಿಗೆ ಬಿದ್ದರೂ ಧ್ವಜವನ್ನು ಬಿಡದೆ ಪ್ರಾಣಬಿಟ್ಟ ಕುಮಾರನ್ ತಿರುಪ್ಪೂರಿನ ಬೀದಿಯಲ್ಲೇ ಬಿದ್ದವರು. ಅಂದು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಈರೋಡಿನಲ್ಲಿ ೧೮೭೯ರಲ್ಲಿ ಹುಟ್ಟಿ, ತಮಿಳುನಾಡಿನ ರಾಜಕೀಯವನ್ನೇ ತಿರುಗಿಸಿದ ಪೆರಿಯಾರ್ ಇ.ವಿ. ರಾಮಸ್ವಾಮಿಯವರ ಮನೆಮಾತು ಕನ್ನಡ. ೧೯೩೮ರಲ್ಲಿ ಹಿಂದಿ ಕಡ್ಡಾಯವನ್ನು ವಿರೋಧಿಸಿ ಜೈಲಿಗೆ ಹೋದವರು, ೧೯೪೪ರಲ್ಲಿ ದ್ರಾವಿಡ ಕಳಗವನ್ನು ಕಟ್ಟಿದವರು ಇವರೇ. ಅವರ ವಿಚಾರಗಳನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಮನೆಯಲ್ಲಿ ಅಲ್ಪಸಂಖ್ಯಾತ ಭಾಷೆಯನ್ನಾಡುವವನು ನಾಡಿನ ರಾಜಕೀಯದಿಂದ ದೂರ ನಿಲ್ಲಬೇಕಾಗಿಲ್ಲ ಎಂಬುದಕ್ಕಂತೂ ಇದು ಸಾಕ್ಷಿ.

ಇನ್ನೊಂದು ಸಂಗತಿಯನ್ನು ನಮ್ಮ ಅಧ್ಯಾಪಕ ಮಿತ್ರರು ಗಮನಿಸಬೇಕು. ಪದವಿ ತರಗತಿಯಲ್ಲಿ ಚರಿತ್ರೆ, ರಾಜ್ಯಶಾಸ್ತ್ರದಂಥ ಪಾಠಗಳನ್ನು ಇಂಗ್ಲಿಷ್ ಬಿಟ್ಟು ತಮಿಳಿನಲ್ಲಿ ಕಲಿಸುವ ಪ್ರಯೋಗ ೧೯೬೦ರಲ್ಲಿ ಆರಂಭವಾದದ್ದು ಇದೇ ಕೊಯಮತ್ತೂರಿನ ಸರಕಾರಿ ಕಲಾ ಕಾಲೇಜಿನಲ್ಲಿ. ೧೯೬೮ರಿಂದ ಪಿ.ಯು.ಸಿ. ತರಗತಿಗೂ ತಮಿಳು ಮಾಧ್ಯಮ ಬಂತು. ೧೯೭೮ರಲ್ಲಿ ತಮಿಳುನಾಡು ಪಿ.ಯು.ಸಿ.ಯನ್ನು ಬಿಟ್ಟು ಪ್ಲಸ್ ಟೂ ತಂದಾಗ ಆ ಪಾಠಗಳೆಲ್ಲ ಹೈಯರ್ ಸೆಕೆಂಡರಿ ಶಾಲೆಗಳಿಗೆ ಇಳಿದವು. ತಿರುಪ್ಪೂರಿನಲ್ಲಿ ಹುಟ್ಟಿದ ಟಿ.ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ ಮದರಾಸಿನ ಶಿಕ್ಷಣ ಮಂತ್ರಿಯಾಗಿದ್ದವರು. ತಮಿಳಿನ ಮೊದಲ ದೊಡ್ಡ ವಿಶ್ವಕೋಶದ ಹಿಂದೆ ನಿಂತು ಹತ್ತು ಸಂಪುಟ ಹೊರತರಿಸಿದವರು. ಪಾಠಕ್ಕೆ ಬೇಕಾದ ಮಾತುಗಳನ್ನು ಮೊದಲು ಕಟ್ಟಿಕೊಂಡು ಆಮೇಲೆ ತರಗತಿ ತೆರೆದ ಜನ ಅವರು.

ಕನ್ನಡ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಕುವೆಂಪು ಅವರು ೧೯೫೬ರಿಂದ ೧೯೬೦ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ ಕನ್ನಡ ಮಾಧ್ಯಮಕ್ಕೆ ಹಾದಿ ಮಾಡಿದರು. ‘ಸಾರ್ವಭೌಮತ್ವ’, ‘ಒಕ್ಕೂಟ’, ‘ಕಾರ್ಯಾಂಗ’, ‘ನ್ಯಾಯಾಂಗ’ ಇವೆಲ್ಲ ಇಂದು ನಮಗೆ ಸಹಜವಾಗಿ ಬರುವುದು ಅಂಥವರ ದುಡಿಮೆಯಿಂದ.

ಆದರೆ ಗಡಿಯ ಮಗುವಿಗೆ ಮಾತಿನ ತೊಡಕು ಬೇರೆ ರೀತಿಯಲ್ಲಿ ಬರುತ್ತದೆ. ನಾವು ರಾಜ್ಯಶಾಸ್ತ್ರ ಎನ್ನುತ್ತೇವೆ. ತಮಿಳರು ‘ಅರಸಿಯಲ್ ಅರಿವಿಯಲ್’ ಎನ್ನುತ್ತಾರೆ. ನಮ್ಮ ಅರಸು ಎಂದರೆ ರಾಜ, ಅವರ ಅರಸು ಎಂದರೆ ಸರಕಾರ. ಮಲೆಯಾಳದಲ್ಲಿ ‘ರಾಷ್ಟ್ರೀಯಂ’ ಎಂದರೆ ರಾಜಕೀಯ. ನಮ್ಮ ಮಗು ಅದನ್ನು ಕೇಳಿ ‘ರಾಷ್ಟ್ರಕ್ಕೆ ಸಂಬಂಧಿಸಿದ್ದು’ ಎಂದು ಬರೆದುಕೊಳ್ಳುತ್ತದೆ. ಮೊದಲ ಮೂರು ತಿಂಗಳು ನಮ್ಮ ಕನ್ನಡ ಮಾಧ್ಯಮದ ಮಕ್ಕಳು ತಲೆ ತಗ್ಗಿಸಿ ಕುಳಿತುಕೊಳ್ಳುವುದು ದಡ್ಡತನದಿಂದಲ್ಲ, ಇಂಥ ಸಣ್ಣ ಮಾತುಗಳಿಂದ. ಇದಕ್ಕೆ ಸುಲಭದ ಉಪಾಯವೂ ಇದೆ. ಕರ್ನಾಟಕದ ಪಿ.ಯು.ಸಿ. ರಾಜ್ಯಶಾಸ್ತ್ರ ಪುಸ್ತಕ ಕನ್ನಡದಲ್ಲಿ ಸಿಗುತ್ತದೆ. ಪಾಠಗಳ ಕ್ರಮ ಬೇರೆ, ನಿಜ. ಆದರೆ ಸಂವಿಧಾನ ಒಂದೇ, ಪಾರ್ಲಿಮೆಂಟು ಒಂದೇ, ಪರಿಕಲ್ಪನೆಗಳು ಒಂದೇ. ಒಂದು ಪ್ರತಿಯನ್ನು ತರಿಸಿಕೊಂಡು ಶಾಲೆಯ ಪುಸ್ತಕದ ಪಕ್ಕದಲ್ಲಿಟ್ಟು ಓದಿದರೆ ಮೂರು ತಿಂಗಳ ಕತ್ತಲೆ ಮೂರು ವಾರಕ್ಕೆ ಇಳಿಯುತ್ತದೆ. ಊರಿನ ಗ್ರಂಥಾಲಯಗಳು ಎರಡೆರಡು ಪ್ರತಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಒಂದು ಅರ್ಜಿಯ ಕಥೆ

ಇನ್ನು ಪ್ರಯೋಜನದ ಪ್ರಶ್ನೆ. ಉದ್ಯೋಗದ ಲೆಕ್ಕವನ್ನೇ ಮೊದಲು ಮಾಡೋಣ. ಪ್ಲಸ್ ಟೂ ಮುಗಿಸಿದವರು ಐದು ವರ್ಷದ ಕಾನೂನು ಪದವಿಗೆ ಹೋಗಬಹುದು. ರಾಜ್ಯಶಾಸ್ತ್ರ ಓದಿದವರಿಗೆ ಅಲ್ಲಿನ ಸಂವಿಧಾನದ ಪಾಠ ಹೊಸತಾಗದು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಸಂವಿಧಾನ ಮತ್ತು ಆಡಳಿತದ ಪ್ರಶ್ನೆಗಳು ಎಲ್ಲರಿಗೂ ಬರುತ್ತವೆ. ಐಚ್ಛಿಕವಾಗಿ ಇದೇ ವಿಷಯವನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ಅಧ್ಯಾಪನ, ಪತ್ರಿಕಾ ವೃತ್ತಿ, ಗುಮಾಸ್ತ ಹುದ್ದೆಯ ಪರೀಕ್ಷೆಗಳಿಗೂ ಇದು ಸಹಾಯಕ. ಹಾಗೆಂದು ಈ ಓದು ಮುಗಿಸಿದ ಮರುದಿನ ಕೆಲಸ ಸಿಗುತ್ತದೆಂದು ನಾವು ಹೇಳಲಾರೆವು. ವಾಣಿಜ್ಯ ಓದಿದವನಿಗೆ ಬೇಗ ಸಿಗುವ ಸಂಬಳ ಇವನಿಗೆ ತಡವಾಗಿ ಸಿಗಬಹುದು. ಎಲ್ಲ ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ಈ ವಿಷಯ ಇಲ್ಲವೆಂಬುದನ್ನೂ ಹೆತ್ತವರು ತಿಳಿದಿರಬೇಕು.

ಆದರೆ ಸಂಬಳದ ಲೆಕ್ಕಕ್ಕೆ ಸಿಗದ ಒಂದು ಪ್ರಯೋಜನವನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹ್ಯುಮಾನಿಟೀಸ್ ಓದಿದವಳು. ಕೆಲವು ವರ್ಷಗಳ ಹಿಂದೆ ಅವಳ ತಾಯಿಗೆ ಒಂದು ಕಚೇರಿಯಿಂದ ಮನೆಯ ತೆರಿಗೆಯ ಬಗ್ಗೆ ಮಲೆಯಾಳದಲ್ಲಿ ನೋಟೀಸು ಬಂತು. ತಾಯಿಗೆ ಓದಲು ಬಾರದು. ನೆರೆಯವರಂತೆ ಯಾರನ್ನಾದರೂ ಹಿಡಿದು ಓದಿಸಿ ದುಡ್ಡು ಕಟ್ಟಿ ಬರಬಹುದಿತ್ತು. ಹುಡುಗಿ ಹಾಗೆ ಮಾಡಲಿಲ್ಲ. ೧೯೬೯ರ ಕೇರಳ ಆಡಳಿತ ಭಾಷಾ ಕಾಯಿದೆಯ ಮೂರನೆಯ ಕಲಮು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆಯೂ ತಮ್ಮ ಪ್ರದೇಶದ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲಿ ಪತ್ರ ಬರೆಯುವ ಅವಕಾಶ ಕೊಟ್ಟಿತ್ತು. ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದು ಹೇಳಿತ್ತು. ಅದನ್ನು ಹೆಸರಿಸಿ ಅವಳು ಕನ್ನಡದಲ್ಲಿ ಅರ್ಜಿ ಬರೆದಳು. ಉತ್ತರ ಮಲೆಯಾಳದಲ್ಲಿ ಬಂತು. ಸಿಟ್ಟಾಗದೆ, ಅದನ್ನೇ ಲಗತ್ತಿಸಿ ಇನ್ನೊಂದು ಅರ್ಜಿ ಬರೆದಳು. ಎರಡು ತಿಂಗಳ ಮೇಲೆ ಕನ್ನಡದಲ್ಲಿ ನಾಲ್ಕು ಸಾಲಿನ ಉತ್ತರ ಬಂತು. ತೆರಿಗೆ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಆದರೆ ತಾಯಿ ತನಗೆ ಬಂದ ಸರಕಾರಿ ಕಾಗದವನ್ನು ಮೊದಲ ಬಾರಿಗೆ ತಾನೇ ಓದಿದರು. ಆ ಕಾಗದವನ್ನು ದೇವರ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದಾರೆ.

ಕೊಯಮತ್ತೂರಿನ ಹಿರಿಯರ ಮಾತು ಕೇಳುತ್ತಿದ್ದಾಗ ನಮಗೆ ನೆನಪಾದದ್ದು ಈ ಹುಡುಗಿ. ಕೇಳಬಹುದೆಂದು ಅವರಿಗೆ ತಿಳಿದಿರಲಿಲ್ಲ, ಇವಳಿಗೆ ತಿಳಿದಿತ್ತು. ಬೀದಿಗೊಬ್ಬರು ಇವಳಂಥವರು ಇದ್ದರೆ ಸಾಕು. ಎಲ್ಲ ಮಕ್ಕಳೂ ರಾಜ್ಯಶಾಸ್ತ್ರ ಓದಬೇಕಾಗಿಲ್ಲ. ಊರಿಗೆ ಒಬ್ಬ ವೈದ್ಯ ಬೇಕಾದ ಹಾಗೆ, ಕಾಯಿದೆ ಓದಿ ಅರ್ಥ ಹೇಳುವ ಒಬ್ಬರು ಬೇಕು.

ಕಾಲ ಕೂಡ ಹಾಗೆಯೇ ಇದೆ. ತಮಿಳುನಾಡು ೨೦೦೬ರಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯ ಮಾಡುವ ಕಾಯಿದೆ ತಂದಿತು. ಒಂದನೆಯ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಏರಿದ ಅದು ೨೦೧೫-೧೬ರಲ್ಲಿ ಹತ್ತನೆಯ ತರಗತಿಗೆ ಬಂದು ಮುಟ್ಟಿತು. ಹತ್ತು ವರ್ಷ ಮೊದಲೇ ಗೊತ್ತಿದ್ದ ಸಂಗತಿ ಅದು. ಆದರೂ ಕನ್ನಡ, ತೆಲುಗು, ಉರ್ದು ಮಾಧ್ಯಮದ ಮಕ್ಕಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿ ವಿನಾಯಿತಿ ಪಡೆಯಬೇಕಾಯಿತು. ೨೦೨೩ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿತು. ಕೇರಳದಲ್ಲಿ ೨೦೧೭ರಲ್ಲಿ ಮಲೆಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆ ಬಂದಾಗ ನಮ್ಮ ಜಿಲ್ಲೆಯಲ್ಲಿ ನಡೆದ ಪ್ರತಿಭಟನೆಗಳನ್ನು ಓದುಗರು ಮರೆತಿರಲಾರರು. ರಾಜ್ಯದ ಭಾಷೆಯನ್ನು ಕಲಿಯುವುದಕ್ಕೆ ನಮ್ಮ ವಿರೋಧವಿಲ್ಲ. ನೆರೆಯವನ ಮಾತು ಬಂದರೆ ಬಾಳುವೆ ಸುಲಭ. ನಮ್ಮದನ್ನು ಬಿಟ್ಟುಕೊಡದೆ ಅದನ್ನು ಕಲಿಯುವುದು ಹೇಗೆ ಎಂಬುದೇ ಪ್ರಶ್ನೆ. ಆ ಪ್ರಶ್ನೆಯನ್ನು ಘೋಷಣೆಯಲ್ಲಿ ಕೂಗುವುದು ಒಂದು ದಿನದ ಕೆಲಸ. ಮಸೂದೆ ಸಭೆಗೆ ಬರುವ ಮೊದಲೇ ಅದರ ಕಲಮುಗಳನ್ನು ಓದಿ, ಯಾವ ಮಾತಿಗೆ ತಿದ್ದುಪಡಿ ಕೇಳಬೇಕೆಂದು ಬರೆದುಕೊಡುವುದು ವರ್ಷಗಟ್ಟಲೆ ಓದಿದವರ ಕೆಲಸ. ಕೂಗುವವರು ನಮ್ಮಲ್ಲಿ ಇದ್ದಾರೆ. ಬರೆದುಕೊಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಕೊಯಮತ್ತೂರಿನಿಂದ ಹೊರಡುವ ದಿನ ಆ ಹಿರಿಯರು ರೈಲು ನಿಲ್ದಾಣದವರೆಗೆ ಬಂದಿದ್ದರು. ನಮ್ಮ ಕೈಚೀಲದಲ್ಲಿದ್ದ ಈ ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನು ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು. ಓದಿ ಹೇಳಿ ಎಂದರು. ಒಂದು ಸುದ್ದಿಯನ್ನು ಓದಿದೆವು. ಪಂಚಾಯತು ರಸ್ತೆಯ ಬಗ್ಗೆ ಯಾರೋ ಕೊಟ್ಟ ಮನವಿಯ ಸುದ್ದಿ. ಪ್ರತಿಯೊಂದು ಮಾತೂ ಅವರಿಗೆ ತಿಳಿಯಿತು. ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.

ಕಳೆದ ವರ್ಷ ವಾಣಿಜ್ಯಕ್ಕೆ ಹೋದ ಹುಡುಗ ಚೆನ್ನಾಗಿಯೇ ಓದುತ್ತಿದ್ದಾನೆ. ಅವನ ತಂಗಿ ಈ ವರ್ಷ ಹತ್ತನೆಯ ತರಗತಿ. ಅಣ್ಣನ ವಾರ್ಡು ಲೆಕ್ಕದ ಪುಸ್ತಕ ಈಗ ಅವಳ ಕೈಯಲ್ಲಿದೆ ಎಂದು ಕೇಳಿದ್ದೇವೆ. ಫಲಿತಾಂಶ ಬಂದ ಮರುದಿನ ತಂದೆ ಅವಳನ್ನು ಕರೆದುಕೊಂಡು ಮತ್ತೆ ನಮ್ಮ ಜಗಲಿಗೆ ಬರುವರು. “ಕಲ್ತರೆ ಎಂತ ಸಿಗ್ತದೆ ಮಾಷ್ಟ್ರೇ?” ಎಂದು ಕೇಳಿದರೆ ಈ ಸಲ ನಾವು ನಗುವುದಿಲ್ಲ. ಎಂ.ಎಲ್.ಎ. ಆಗಲಿಕ್ಕೆ ಇದನ್ನು ಕಲಿಯಬೇಕಾಗಿಲ್ಲ, ಎಂ.ಎಲ್.ಎ.ಯ ಹತ್ತಿರ ಹೋದಾಗ ಏನು ಕೇಳಬಹುದು, ಯಾವ ಕಾಯಿದೆಯ ಬಲದಿಂದ ಕೇಳಬಹುದು ಎಂದು ತಿಳಿಯಲಿಕ್ಕೆ ಕಲಿಯಬೇಕು ಎಂದು ಹೇಳುವೆವು. ಆಮೇಲೆ ಅಕ್ಷಯ ಕೇಂದ್ರಕ್ಕೆ ನಾವೂ ಜೊತೆಯಲ್ಲಿ ಹೋಗುವೆವು.